ನವೆಂಬರ್ 29: ಒಂದೇ ತಾರೀಖಿನಲ್ಲಿ ಕೂಡಿದ ಚರಿತ್ರೆಗಳು

1947ರ ನವೆಂಬರ್ 29, ಶನಿವಾರ ಬೆಳಿಗ್ಗೆ. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಹೊರಟ ಅರಬ್ ಬಸ್ಸಿನಲ್ಲಿ ಐವತ್ತೆಂಟು ವರ್ಷದ ಒಬ್ಬ ಪ್ರಾಧ್ಯಾಪಕರು ಕುಳಿತಿದ್ದರು. ಹೆಸರು ಎಲಿಯೇಜರ್ ಸುಕೇನಿಕ್. ಹೀಬ್ರೂ ವಿಶ್ವವಿದ್ಯಾಲಯದ ಪುರಾತತ್ವಜ್ಞ. ಬೇತ್ ಆಲ್ಫಾ ಎಂಬಲ್ಲಿ ಪ್ರಾಚೀನ ಸಿನಗಾಗ್ ಒಂದನ್ನು ನೆಲದಿಂದ ಎತ್ತಿ ತೋರಿಸಿ ಹೆಸರಾದವರು. ಆ ಬಸ್ಸಿನಲ್ಲಿದ್ದ ಯಹೂದಿ ಅವರೊಬ್ಬರೇ. ಜೊತೆಗೆ ಹಳೆಯ ವಸ್ತುಗಳ ವ್ಯಾಪಾರ ಮಾಡುವ ಒಬ್ಬ ಅರ್ಮೇನಿಯನ್ ಪರಿಚಯಸ್ಥನಿದ್ದ.

ಕೆಲವೇ ದಿನಗಳ ಹಿಂದೆ ಆ ವ್ಯಾಪಾರಿ ಸುಕೇನಿಕ್‌ಗೆ ಚರ್ಮದ ಒಂದು ತುಣುಕನ್ನು ತೋರಿಸಿದ್ದ. ಬ್ರಿಟಿಷರು ಆಗ ಜೆರುಸಲೇಮನ್ನು ಮುಳ್ಳುತಂತಿ ಎಳೆದು ವಲಯಗಳಾಗಿ ಹಂಚಿದ್ದರು. ಪಾಸಿಲ್ಲದೆ ಈ ಕಡೆಯವರು ಆ ಕಡೆಗೆ ಹೋಗುವಂತಿರಲಿಲ್ಲ. ಹಾಗಾಗಿ ವ್ಯಾಪಾರಿ ಬೇಲಿಯ ಆಚೆ, ಪ್ರಾಧ್ಯಾಪಕರು ಈಚೆ ನಿಂತು ಮಾತಾಡಿದ್ದರು. ತುಣುಕಿನ ಮೇಲಿದ್ದ ಹೀಬ್ರೂ ಅಕ್ಷರದ ವರಸೆ ಸುಕೇನಿಕ್‌ಗೆ ಚೆನ್ನಾಗಿ ಪರಿಚಿತ. ಸತ್ತವರ ಎಲುಬುಗಳನ್ನು ತುಂಬಿಡುತ್ತಿದ್ದ ಎರಡು ಸಾವಿರ ವರ್ಷ ಹಿಂದಿನ ಕಲ್ಲಿನ ಪೆಟ್ಟಿಗೆಗಳ ಮೇಲೆ ಅಂಥ ಅಕ್ಷರಗಳನ್ನು ಅವರು ಎಷ್ಟೋ ಸಲ ಓದಿದ್ದರು. ಕಲ್ಲಿನ ಮೇಲೆ ನೋಡಿದ್ದ ಆ ಬರಹವನ್ನು ಚರ್ಮದ ಮೇಲೆ ನೋಡಿದ್ದು ಅದೇ ಮೊದಲು.

ಪೂರ್ತಿ ಸುರುಳಿಗಳು ಬೆತ್ಲೆಹೇಮಿನ ಒಬ್ಬ ಅರಬ್ ವರ್ತಕನ ಬಳಿ ಇದ್ದವು. ಹೋಗುವುದೋ ಬೇಡವೋ? ಹೆಂಡತಿ ಬೇಡವೆಂದರು. ಹಿರಿಯ ಮಗ ಯಿಗಾಯೆಲ್ ಯಾದಿನ್ ಯಹೂದಿಗಳ ಗುಪ್ತಸೇನೆ ಹಗಾನಾದಲ್ಲಿ ದೊಡ್ಡ ಹೊಣೆಯಲ್ಲಿದ್ದವನು, ಪುರಾತತ್ವದ ವಿದ್ಯಾರ್ಥಿಯೂ ಹೌದು. ಅವನೊಳಗಿನ ವಿದ್ಯಾರ್ಥಿ ಹೋಗಿಬನ್ನಿ ಎಂದರೆ ಸೈನಿಕ ಖಂಡಿತ ಬೇಡ ಎಂದ. ಪ್ಯಾಲೆಸ್ಟೈನನ್ನು ಎರಡು ರಾಷ್ಟ್ರಗಳಾಗಿ ಒಡೆಯುವ ಬಗ್ಗೆ ವಿಶ್ವಸಂಸ್ಥೆಯಲ್ಲಿ ಮತದಾನ ಯಾವ ಕ್ಷಣದಲ್ಲಾದರೂ ಆಗುವುದಿತ್ತು. ಆದ ಕೂಡಲೇ ರಸ್ತೆಗಳಲ್ಲಿ ಗುಂಡು ಹಾರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಮತದಾನವನ್ನು ಮುಂದಕ್ಕೆ ಹಾಕಿದ್ದಾರೆ ಎಂದು ರೇಡಿಯೋ ಹೇಳಿತು. ಸುಕೇನಿಕ್ ಅದನ್ನು ತಮಗೆ ಸಿಕ್ಕ ಒಂದು ದಿನದ ಅವಕಾಶ ಎಂದುಕೊಂಡರು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದರು. ಸಂಜೆಯೊಳಗೆ ಕಾಗದದಲ್ಲಿ ಸುತ್ತಿದ ಸುರುಳಿಗಳನ್ನು ಕಂಕುಳಲ್ಲಿಟ್ಟುಕೊಂಡು ಮನೆ ಸೇರಿದರು.

ಮುಂದೆ ಮೃತ ಸಮುದ್ರದ ಸುರುಳಿಗಳು ಎಂದು ಲೋಕಪ್ರಸಿದ್ಧವಾದ ಹಸ್ತಪ್ರತಿಗಳು ಒಬ್ಬ ವಿದ್ವಾಂಸರ ಮನೆಗೆ ಬಂದ ದಿನ ಇದು. ಮತದಾನ ಒಂದು ದಿನ ಮುಂದೆ ಹೋಗದಿದ್ದರೆ ಅವು ಆ ಕೈಗೆ ಬರುತ್ತಿದ್ದವೋ ಇಲ್ಲವೋ. ಆದ್ದರಿಂದ ಅದೇಕೆ ಮುಂದೆ ಹೋಯಿತು ಎಂಬುದನ್ನು ಹೇಳಬೇಕು.

ವಿಶ್ವಸಂಸ್ಥೆಗೆ ಆಗಿನ್ನೂ ಸ್ವಂತ ಕಟ್ಟಡವಿರಲಿಲ್ಲ. ಮಹಾಸಭೆ ಸೇರುತ್ತಿದ್ದುದು ನ್ಯೂಯಾರ್ಕಿನ ಫ್ಲಶಿಂಗ್ ಮೆಡೋದಲ್ಲಿ, 1939ರ ವಿಶ್ವಮೇಳಕ್ಕೆಂದು ಕಟ್ಟಿ ಬಳಿಕ ಹಿಮಜಾರಾಟಕ್ಕೆ ಬಳಸಿದ್ದ ಕಟ್ಟಡದಲ್ಲಿ. ಅಧ್ಯಕ್ಷ ಪೀಠದಲ್ಲಿ ಬ್ರೆಜಿಲ್‌ನ ಓಸ್ವಾಲ್ಡೊ ಅರಾನ್ಯಾ. ವಿಭಜನೆಯ ಯೋಜನೆ ಗೆಲ್ಲಲು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕಿತ್ತು. ನವೆಂಬರ್ 25ರಂದು ವಿಶೇಷ ಸಮಿತಿಯಲ್ಲಿ ಎಣಿಸಿದಾಗ ಪರ 25, ವಿರುದ್ಧ 13, ತಟಸ್ಥ 17. ಇದೇ ಲೆಕ್ಕ ಮಹಾಸಭೆಯಲ್ಲಿ ಬಂದಿದ್ದರೆ ಒಂದೇ ಒಂದು ಮತದ ಕೊರತೆಯಿಂದ ಯೋಜನೆ ಬೀಳುತ್ತಿತ್ತು. 26ರ ಬುಧವಾರ ಮಹಾಸಭೆ ಸೇರಿದಾಗ ಯಹೂದಿಗಳ ಪರವಾಗಿದ್ದ ದೇಶಗಳ ಪ್ರತಿನಿಧಿಗಳು ಭಾಷಣಗಳನ್ನು ಬೇಕೆಂದೇ ಉದ್ದ ಎಳೆದರು. ಮಾರನೆಯ ದಿನ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಸಭೆಗೆ ರಜೆ. ಶುಕ್ರವಾರ ಫ್ರಾನ್ಸ್ ಇನ್ನೂ ಇಪ್ಪತ್ನಾಲ್ಕು ಗಂಟೆ ಕೇಳಿ ಪಡೆಯಿತು. ಬುಧವಾರ ವಿಭಜನೆಯನ್ನು ಖಂಡಿಸಿ ಮಾತಾಡಿದ್ದ ಫಿಲಿಪ್ಪೀನ್ಸ್ ಶನಿವಾರ ಪರವಾಗಿ ಮತ ಹಾಕಿತು. ಹೈಟಿ, ಲೈಬೀರಿಯಾಗಳೂ ಈ ಕಡೆಗೆ ಬಂದವು. ಅಮೆರಿಕದಿಂದ ಸಣ್ಣ ದೇಶಗಳ ಮೇಲೆ ಬಂದ ಒತ್ತಡ ಗುಟ್ಟಾಗಿ ಉಳಿಯಲಿಲ್ಲ. ಆ ಗೆಲುವಿನ ಕತೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಶನಿವಾರ ಸಂಜೆ ಹೆಸರು ಕೂಗಿದರು. ಪರ 33, ವಿರುದ್ಧ 13, ತಟಸ್ಥ 10, ಥಾಯ್ಲೆಂಡ್ ಗೈರು. ಶೀತಲ ಸಮರ ಶುರುವಾಗಿದ್ದ ಆ ಹೊತ್ತಿನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಒಂದೇ ಕಡೆ ಕೈ ಎತ್ತಿದವು. ಸೋವಿಯತ್ ಪ್ರತಿನಿಧಿ ಆಂದ್ರೇ ಗ್ರೊಮಿಕೊ ಇದರ ಸುಳಿವನ್ನು ಅದೇ ವರ್ಷದ ಮೇ 14ರ ಭಾಷಣದಲ್ಲೇ ಕೊಟ್ಟಿದ್ದರು. ಸರಿಯಾಗಿ ಒಂದು ವರ್ಷಕ್ಕೆ, 1948ರ ಮೇ 14ರಂದು, ಯಹೂದಿಗಳ ನಾಯಕ ಬೆನ್-ಗುರಿಯೊನ್ ಟೆಲ್ ಅವೀವ್‌ನಲ್ಲಿ ಇಸ್ರೇಲ್ ರಾಷ್ಟ್ರವನ್ನು ಘೋಷಿಸಿದರು. 1947ರ ಆ ಮತದಾನದಲ್ಲಿ, ಪ್ಯಾಲೆಸ್ಟೈನನ್ನು ಆಳುತ್ತಿದ್ದ ಬ್ರಿಟನ್ ತಟಸ್ಥವಾಗಿ ಕೂತಿತು.

ವಿರುದ್ಧ ಮತ ಹಾಕಿದ ಹದಿಮೂರರಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದ ದಿನಗಳವು. ಹಾಗಿದ್ದೂ ಈ ಎರಡು ದೇಶಗಳು ಒಂದೇ ಪಟ್ಟಿಯಲ್ಲಿ ನಿಂತವು. ಪಾಕಿಸ್ತಾನದ ಜಫ್ರುಲ್ಲಾ ಖಾನ್ ಅರಬರ ವಾದವನ್ನು ಎಲ್ಲರಿಗಿಂತ ಚೆನ್ನಾಗಿ ಮಂಡಿಸಿದ್ದರು. ಭಾರತದ ನಿಲುವು ಅದಕ್ಕಿಂತ ಸ್ವಲ್ಪ ಬೇರೆ. ವಿಶ್ವಸಂಸ್ಥೆ ನೇಮಿಸಿದ್ದ ಹನ್ನೊಂದು ದೇಶಗಳ ತನಿಖಾ ಸಮಿತಿಯಲ್ಲಿ ಭಾರತದ ಪರವಾಗಿ ಸರ್ ಅಬ್ದುರ್ ರಹಮಾನ್ ಇದ್ದರು. ಸಮಿತಿಯ ಏಳು ದೇಶಗಳು ವಿಭಜನೆಯನ್ನು ಶಿಫಾರಸು ಮಾಡಿದಾಗ ಭಾರತ, ಇರಾನ್, ಯುಗೊಸ್ಲಾವಿಯಾ ಮೂರೂ ಬೇರೆ ದಾರಿ ಸೂಚಿಸಿದವು: ಜೆರುಸಲೇಮನ್ನು ರಾಜಧಾನಿಯಾಗಿಟ್ಟು ಎರಡು ಜನಾಂಗಗಳಿಗೂ ಸ್ವಾಯತ್ತ ರಾಜ್ಯ ಕೊಡುವ ಒಂದೇ ಒಕ್ಕೂಟ. ಜೂನ್‌ನಲ್ಲಿ ಐನ್‌ಸ್ಟೈನ್ ನೆಹರೂಗೆ ದೀರ್ಘ ಪತ್ರ ಬರೆದು ಯಹೂದಿಗಳ ಪರ ನಿಲ್ಲುವಂತೆ ಕೇಳಿಕೊಂಡಿದ್ದರು. ಜುಲೈನಲ್ಲಿ ನೆಹರೂ ಉತ್ತರಿಸಿದರು. ಯಹೂದಿಗಳು ಪಟ್ಟ ಪಾಡಿನ ಬಗ್ಗೆ ಅವರ ಮರುಕ ನಿಜವಾದದ್ದು. ಆದರೆ ಅರಬರ ಒಪ್ಪಿಗೆಯಿಲ್ಲದೆ ಅವರ ನೆಲದ ಪ್ರಶ್ನೆ ಬಗೆಹರಿಯದು ಎಂಬ ನಿಲುವಿನಿಂದ ಅವರು ಕದಲಲಿಲ್ಲ. ಮೂರು ತಿಂಗಳ ಹಿಂದಷ್ಟೇ ತನ್ನ ನೆಲದಲ್ಲೇ ಇಬ್ಭಾಗವನ್ನು ಕಂಡ, ನಿರಾಶ್ರಿತರ ಸಾಲು ಇನ್ನೂ ಮುಗಿಯದ ದೇಶ ಇನ್ನೊಬ್ಬರ ವಿಭಜನೆಗೆ ಕೈ ಎತ್ತಲಾರದೆ ಹೋದದ್ದು ನನಗೆ ಅರ್ಥವಾಗುತ್ತದೆ.

ಯೋಜನೆಯ ಅಂಕಿಗಳನ್ನು ನೋಡಿದರೆ ಮುಂದಿನದೆಲ್ಲ ಅಲ್ಲೇ ಕಾಣುತ್ತದೆ. ಪ್ಯಾಲೆಸ್ಟೈನಿನಲ್ಲಿ ಆಗ ಸುಮಾರು 12 ಲಕ್ಷ ಅರಬರು, 6 ಲಕ್ಷ ಯಹೂದಿಗಳು. ಮೂರನೇ ಒಂದರಷ್ಟಿದ್ದ ಯಹೂದಿಗಳ ರಾಷ್ಟ್ರಕ್ಕೆ ಶೇಕಡಾ 56ರಷ್ಟು ನೆಲ. ಅದರಲ್ಲಿ ಬಹುಪಾಲು ನೆಗೆವ್ ಮರುಭೂಮಿ ಎಂಬುದು ನಿಜ. ಆದರೆ ಆ ರಾಷ್ಟ್ರದೊಳಗೇ 4 ಲಕ್ಷ ಅರಬರು ಉಳಿಯುತ್ತಿದ್ದರು ಎಂಬುದೂ ಅಷ್ಟೇ ನಿಜ. ಜೆರುಸಲೇಮ್ ಯಾರಿಗೂ ಸೇರದೆ ಅಂತರರಾಷ್ಟ್ರೀಯ ಆಡಳಿತಕ್ಕೆ ಒಳಪಡಬೇಕಿತ್ತು. ಯಹೂದಿ ನಾಯಕರು ಒಪ್ಪಿದರು. ಅರಬ್ ಪ್ರತಿನಿಧಿಗಳು ಸಭೆಯಿಂದ ಹೊರನಡೆದರು.

ಫ್ಲಶಿಂಗ್ ಮೆಡೋದಲ್ಲಿ ಸಂಜೆಯಾಗಿದ್ದಾಗ ಜೆರುಸಲೇಮಿನಲ್ಲಿ ನಡುರಾತ್ರಿ ದಾಟಿತ್ತು. ಅಂದರೆ ಅಲ್ಲಿಯ ಗಡಿಯಾರದ ಪ್ರಕಾರ ಅದು ಆಗಲೇ ನವೆಂಬರ್ 30. ಹೀಬ್ರೂ ಪಂಚಾಂಗದಲ್ಲಿ ಸೂರ್ಯಾಸ್ತದೊಂದಿಗೇ ಕಿಸ್ಲೇವ್ ಮಾಸದ ಹದಿನೇಳು ಶುರುವಾಗಿತ್ತು. ಯಹೂದಿಗಳು ಹಬ್ಬ, ಉಪವಾಸ, ಸ್ವಾತಂತ್ರ್ಯ ದಿನ ಎಲ್ಲವನ್ನೂ ತಮ್ಮ ಪಂಚಾಂಗದಿಂದಲೇ ಎಣಿಸುತ್ತಾರೆ. ಈ ದಿನ ಮಾತ್ರ ನ್ಯೂಯಾರ್ಕಿನ ಗಡಿಯಾರ ಕೊಟ್ಟ ತಾರೀಖಿನಿಂದಲೇ ನೆನಪಿನಲ್ಲಿ ಉಳಿದಿದೆ. ಇಸ್ರೇಲಿನ ಅನೇಕ ಊರುಗಳಲ್ಲಿ ರಸ್ತೆಗಳಿಗೂ ಇದೇ ತಾರೀಖಿನ ಹೆಸರಿದೆ.

ಆ ರಾತ್ರಿ ಜೆರುಸಲೇಮಿನಲ್ಲಿ ರೇಡಿಯೋ ಇದ್ದ ಮನೆಗಳ ಮುಂದೆ ಜನ ಗುಂಪುಗೂಡಿ ಒಂದೊಂದು ಮತವನ್ನೂ ಕಾಗದದಲ್ಲಿ ಗುರುತು ಹಾಕಿಕೊಂಡರು. ಫಲಿತಾಂಶ ಬಂದದ್ದೇ ರಾತ್ರಿಯುಡುಗೆಯಲ್ಲೇ ಬೀದಿಗೆ ಬಂದು ಕುಣಿದರು. ಯಹೂದಿ ಏಜೆನ್ಸಿ ಕಟ್ಟಡದ ಮೊಗಸಾಲೆಯಿಂದ ಏಜೆನ್ಸಿಯ ನಾಯಕಿ ಗೋಲ್ಡಾ ಮೆಯರ್ ಮಾತಾಡಿದರು. ಬೆನ್-ಗುರಿಯೊನ್ ಮೃತ ಸಮುದ್ರದ ದಡದ ಕಾಲಿಯಾದಲ್ಲಿದ್ದರು. ಸುದ್ದಿ ತಿಳಿದ ಕಾರ್ಮಿಕರು ಕುಣಿಯುತ್ತಿದ್ದರೆ ತನಗೆ ಕುಣಿಯಲಾಗಲಿಲ್ಲ, ಮುಂದೆ ಯುದ್ಧವಿದೆ ಎಂದು ತನಗೆ ಗೊತ್ತಿತ್ತು ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಆಗ ಎಂಟು ವರ್ಷದ ಹುಡುಗನಾಗಿದ್ದ ಸಾಹಿತಿ ಅಮೋಸ್ ಓಜ್ ತಮ್ಮ ಆತ್ಮಕಥನದಲ್ಲಿ ಆ ರಾತ್ರಿಯನ್ನು ಬರೆದಿದ್ದಾರೆ. ಬೀದಿಯ ಗದ್ದಲ ಮುಗಿದ ಮೇಲೆ ಅಪ್ಪ ಮಗನ ಪಕ್ಕ ಮಲಗಿ, ಯೂರೋಪಿನ ಶಾಲೆಯಲ್ಲಿ ಯಹೂದಿ ಹುಡುಗನಾಗಿ ತಾನು ಪಟ್ಟ ಅವಮಾನವನ್ನು ಕತ್ತಲಲ್ಲಿ ಹೇಳುತ್ತಾರೆ. ಅಪ್ಪ ಅತ್ತದ್ದು ಆ ಮಗನ ಅರಿವಿಗೆ ಬಂದದ್ದು ಅದೊಂದೇ ಸಲ. ಆ ದಿನದ ಸಂತೋಷ ಎಲ್ಲಿಂದ ಬಂತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಟಗಳನ್ನು ನಾನು ಓದಿಲ್ಲ.

ಅದೇ ಹೊತ್ತಿನಲ್ಲಿ ಸುಕೇನಿಕ್ ತಮ್ಮ ಕೋಣೆಯಲ್ಲಿ ಸುರುಳಿ ಬಿಚ್ಚುತ್ತಿದ್ದರು. ಕಿರಿಯ ಮಗ ಮಾತಿ ಪಕ್ಕದ ಕೋಣೆಯಲ್ಲಿ ರೇಡಿಯೋ ಕೇಳುತ್ತ, ಯಾವ ದೇಶ ಹೇಗೆ ಮತ ಹಾಕಿತೆಂದು ಆಗಾಗ ಕೂಗಿ ಹೇಳುತ್ತಿದ್ದ. ಎರಡು ಸಾವಿರ ವರ್ಷದ ಹಿಂದೆ, ಜೆರುಸಲೇಮಿನ ದೇವಾಲಯ ಇನ್ನೂ ನಿಂತಿದ್ದ ಕಾಲದಲ್ಲಿ, ಯಾರೋ ಬರೆದ ಕೃತಜ್ಞತೆಯ ಸ್ತೋತ್ರಗಳನ್ನು ಅಪ್ಪ ಓದುತ್ತಿದ್ದಾಗಲೇ ಮಗ ಕೊನೆಯ ಎಣಿಕೆಯನ್ನು ಕೂಗಿದ. ಇನ್ನೊಂದು ಸುರುಳಿಯಲ್ಲಿದ್ದದ್ದು ಬೆಳಕಿನ ಮಕ್ಕಳಿಗೂ ಕತ್ತಲೆಯ ಮಕ್ಕಳಿಗೂ ನಡೆಯಲಿರುವ ಯುದ್ಧದ ವರ್ಣನೆ. ರಾಷ್ಟ್ರವಿದ್ದ ಕಾಲದ ಬರಹ, ರಾಷ್ಟ್ರ ಮತ್ತೆ ಹುಟ್ಟುವ ರಾತ್ರಿಯೇ ಕೈಸೇರಿತಲ್ಲ ಎಂಬ ಬೆರಗು ಆ ತಂದೆಯನ್ನೂ ಹಿರಿಯ ಮಗನನ್ನೂ ಕೊನೆಯವರೆಗೂ ಬಿಡಲಿಲ್ಲ. ಯಾದಿನ್ ಮುಂದೆ ಸುರುಳಿಗಳ ಬಗ್ಗೆ ಪುಸ್ತಕ ಬರೆದಾಗ ಈ ಕೂಡಿಕೆಯನ್ನು ವಿಶೇಷವಾಗಿ ಎತ್ತಿ ಹೇಳಿದರು.

ರೇಡಿಯೋ ಕೇಳಿ ಹೇಳಿದ ಮಾತಿ ವಿಮಾನ ಹಾರಿಸಲು ಕಲಿತ. 1948ರ ಜೂನ್‌ನಲ್ಲಿ ಟೆಲ್ ಅವೀವ್ ಕರಾವಳಿಯತ್ತ ಬರುತ್ತಿದ್ದ ಈಜಿಪ್ಟಿನ ಹಡಗುಗಳ ಮೇಲೆ ಎರಗಿದಾಗ ಸತ್ತ. ಒಂದೇ ಗುಹೆಯ ಏಳು ಸುರುಳಿಗಳಲ್ಲಿ ಸುಕೇನಿಕ್‌ಗೆ ದಕ್ಕಿದ್ದು ಮೂರು. ಉಳಿದ ನಾಲ್ಕು ಸಿರಿಯನ್ ಕ್ರೈಸ್ತ ಧರ್ಮಾಧ್ಯಕ್ಷರೊಬ್ಬರ ಬಳಿಯಿದ್ದು ಅಮೆರಿಕ ಸೇರಿದವು. ಅವೂ ಬೇಕೆಂಬ ಆಸೆ ಈಡೇರದೆ ಸುಕೇನಿಕ್ 1953ರಲ್ಲಿ ತೀರಿಕೊಂಡರು. ಮರುವರ್ಷ ಅವು ಮಾರಾಟಕ್ಕಿವೆಯೆಂದು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಜಾಹೀರಾತು ಬಂತು. ಆಗ ಅಮೆರಿಕದಲ್ಲಿದ್ದ ಯಾದಿನ್ ಮಧ್ಯವರ್ತಿಗಳ ಮೂಲಕ 2,50,000 ಡಾಲರಿಗೆ ಕೊಂಡು ಏಳನ್ನೂ ಒಂದುಗೂಡಿಸಿದರು.

ಸುರುಳಿಗಳು ಸಿಕ್ಕ ಕತೆಯನ್ನು ಹೇಳುವವರು ಅಲೆಪ್ಪೋದ ಕತೆಯನ್ನೂ ಜೊತೆಗೇ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ. ಸಿರಿಯಾದ ಆ ಊರಿನ ಸಿನಗಾಗ್‌ನಲ್ಲಿ ಯಹೂದಿಗಳು ಹೀಬ್ರೂ ಬೈಬಲ್‌ನ ಅತ್ಯಂತ ನಿರ್ದುಷ್ಟ ಪ್ರತಿಯೊಂದನ್ನು ನೂರಾರು ವರ್ಷ ಕಾಪಾಡಿದ್ದರು. ಹತ್ತನೆಯ ಶತಮಾನದಲ್ಲಿ ತಿಬೇರಿಯಾದಲ್ಲಿ ಸಿದ್ಧವಾದ ಗ್ರಂಥ ಅದು. ದಾರ್ಶನಿಕ ಮೈಮೊನಿಡೀಸ್ ಪ್ರಮಾಣವೆಂದು ನಂಬಿದ್ದು ಇದನ್ನೇ. ಮತದಾನದ ಸುದ್ದಿ ಮುಟ್ಟಿದ ಮೂರು-ನಾಲ್ಕು ದಿನದೊಳಗೆ ಅಲೆಪ್ಪೋದಲ್ಲಿ ಗಲಭೆಯಾಗಿ ಸಿನಗಾಗ್‌ಗೆ ಬೆಂಕಿ ಬಿತ್ತು. 1958ರಲ್ಲಿ ಕಳ್ಳದಾರಿಯಿಂದ ಜೆರುಸಲೇಮ್ ಮುಟ್ಟಿದಾಗ ಆ ಗ್ರಂಥದಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಹಾಳೆಗಳಷ್ಟೇ ಉಳಿದಿದ್ದವು. ಏಡನ್ ಬಂದರಿನಲ್ಲಿ ಡಿಸೆಂಬರ್ 2ರಿಂದ ನಡೆದ ಗಲಭೆಯಲ್ಲಿ 82 ಯಹೂದಿಗಳು ಸತ್ತರು. ಅರಬ್ ದೇಶಗಳಲ್ಲಿ ಎರಡು ಸಾವಿರ ವರ್ಷಗಳಿಂದ ಬಾಳಿದ್ದ ಯಹೂದಿ ಸಮುದಾಯಗಳು ಖಾಲಿಯಾಗತೊಡಗಿದ್ದು ಇಲ್ಲಿಂದ. ಅವರ ನೆನಪಿಗೆ ಒಂದು ದಿನ ಬೇಕೆಂದು ಇಸ್ರೇಲಿನ ಸಂಸತ್ತು 2014ರಲ್ಲಿ ಕಾನೂನು ಮಾಡಿದಾಗ ಆರಿಸಿದ್ದು ನವೆಂಬರ್ 30ನ್ನು, ಮತದಾನದ ಮರುದಿನವನ್ನು.

ಪ್ಯಾಲೆಸ್ಟೈನಿನಲ್ಲಂತೂ ಶಾಂತಿ ಒಂದು ಬೆಳಗಿನಷ್ಟೂ ಉಳಿಯಲಿಲ್ಲ. ನವೆಂಬರ್ 30ರ ಬೆಳಿಗ್ಗೆ ನೆತಾನ್ಯಾದಿಂದ ಜೆರುಸಲೇಮಿಗೆ ಹೊರಟಿದ್ದ ಬಸ್ಸಿನ ಮೇಲೆ ದಾಳಿಯಾಗಿ ಐವರು ಪ್ರಯಾಣಿಕರು ಸತ್ತರು. ಸೇಡಿಗೆ ಸೇಡು ಬೆಳೆಯಿತು. 1949ರಲ್ಲಿ ಕದನವಿರಾಮವಾಗುವ ಹೊತ್ತಿಗೆ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡಿದ್ದರು. ಓಡಿದವರು, ಓಡಿಸಲ್ಪಟ್ಟವರು ಇಬ್ಬರೂ ಅದರಲ್ಲಿದ್ದರು. ಹಿಂದಿರುಗಲು ಬಹುತೇಕ ಯಾರಿಗೂ ಬಿಡಲಿಲ್ಲ. ಯೋಜನೆಯ ಅರ್ಧ ಮಾತ್ರ ಕಾರ್ಯಕ್ಕೆ ಬಂತು. ಇನ್ನರ್ಧದ ಅರಬ್ ರಾಷ್ಟ್ರ ಕಾಗದದಲ್ಲೇ ಉಳಿಯಿತು.

ಈ ತಾರೀಖಿಗೆ ಇನ್ನೂ ಹಿಂದಿನ ಒಂದು ಪುಟವಿದೆ. ಆ ರಾತ್ರಿ ಬೀದಿಯಲ್ಲಿ ಕುಣಿದವರಲ್ಲಿ ಯಾರಿಗೂ ಅದು ಬಹುಶಃ ಗೊತ್ತಿರಲಿಲ್ಲ. ಮತದಾನಕ್ಕೆ ಸರಿಯಾಗಿ ಆರು ವರ್ಷ ಹಿಂದೆ, 1941ರ ನವೆಂಬರ್ 29ರಂದು, ಲಿಥುವೇನಿಯಾದ ಕೌನಸ್ ನಗರದ ಒಂಬತ್ತನೇ ಕೋಟೆಯಲ್ಲಿ ವಿಯೆನ್ನಾದಿಂದಲೂ ಬ್ರೆಸ್ಲೌನಿಂದಲೂ ರೈಲಿನಲ್ಲಿ ತಂದ ಯಹೂದಿಗಳನ್ನು ಗುಂಡಿಟ್ಟು ಕೊಂದರು. ಕೊಲ್ಲಿಸಿದ ಅಧಿಕಾರಿ ಕಾರ್ಲ್ ಯೇಗರ್ ಎರಡು ದಿನದ ಬಳಿಕ ಬರೆದ ವರದಿಯಲ್ಲಿ ಅಂದಿನ ಲೆಕ್ಕವಿದೆ: ಗಂಡಸರು 693, ಹೆಂಗಸರು 1,155, ಮಕ್ಕಳು 152. ಒಟ್ಟು 2,000.

ಅವರಲ್ಲಿ ಬ್ರೆಸ್ಲೌನ ಇತಿಹಾಸಕಾರ, ಶಾಲಾ ಮಾಸ್ತರ ವಿಲ್ಲಿ ಕೋನ್ ಒಬ್ಬರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದವರು. ಜರ್ಮನಿಯನ್ನೂ ಪ್ರೀತಿಸುತ್ತಿದ್ದರು, ಯಹೂದಿ ರಾಷ್ಟ್ರದ ಕನಸನ್ನೂ ಕಾಣುತ್ತಿದ್ದರು. 1937ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ ಕಿಬ್ಬುತ್ಸ್ ಎಂಬ ಸಾಮೂಹಿಕ ಕೃಷಿಗ್ರಾಮದಲ್ಲಿದ್ದ ಮಗನನ್ನು ನೋಡಿದರು. ಅಲ್ಲೇ ನೆಲೆಸುವ ಆಸೆಯಾಯಿತು. ಕೂಡಿಬರಲಿಲ್ಲ, ಊರಿಗೆ ಮರಳಿದರು. ಊರಿನ ಯಹೂದಿಗಳ ಬದುಕು ದಿನದಿನಕ್ಕೆ ಕಿರಿದಾಗುತ್ತ ಹೋದದ್ದನ್ನು ದಿನಚರಿಯಲ್ಲಿ ಬರೆದಿಡುತ್ತ ಬಂದರು. ಅವರನ್ನೂ ಹೆಂಡತಿಯನ್ನೂ ಇಬ್ಬರು ಎಳೆಯ ಹೆಣ್ಣುಮಕ್ಕಳನ್ನೂ ಒಂಬತ್ತನೇ ಕೋಟೆಯಲ್ಲಿ ಕೊಂದರು. ಬಚ್ಚಿಟ್ಟಿದ್ದ ದಿನಚರಿ ಉಳಿದು, ಎಷ್ಟೋ ವರ್ಷದ ಮೇಲೆ ಪುಸ್ತಕವಾಗಿ ಜರ್ಮನರ ಕೈಗೇ ಬಂತು.

ಎರಡು ನವೆಂಬರ್ 29ಗಳ ನಡುವೆ ಕಾರಣದ ನಂಟು ಇಲ್ಲವೆಂದಲ್ಲ. ತನಿಖಾ ಸಮಿತಿಯ ಸದಸ್ಯರಲ್ಲಿ ಕೆಲವರು ಜರ್ಮನಿ, ಆಸ್ಟ್ರಿಯಾಗಳಲ್ಲಿ ಬದುಕುಳಿದ ಯಹೂದಿಗಳಿದ್ದ ಶಿಬಿರಗಳಿಗೆ ಹೋಗಿಬಂದರು. 1947ರ ಜುಲೈನಲ್ಲಿ ಸಮಿತಿಯ ಅಧ್ಯಕ್ಷ, ಸ್ವೀಡನ್ನಿನ ಎಮಿಲ್ ಸ್ಯಾಂಡ್‌ಸ್ಟ್ರೋಮ್ ಹೈಫಾ ಬಂದರಿನಲ್ಲಿ ನಿಂತಿದ್ದಾಗಲೇ ಬ್ರಿಟಿಷ್ ಸೈನಿಕರು ‘ಎಕ್ಸೋಡಸ್’ ಹಡಗಿನ ಸುಮಾರು 4,500 ನಿರಾಶ್ರಿತರನ್ನು ಇಳಿಸಿ ಬೇರೆ ಹಡಗುಗಳಿಗೆ ತುಂಬಿದರು. ಕೌನಸ್‌ನಂಥ ಕೋಟೆಗಳು ಇಲ್ಲದಿದ್ದರೆ ಫ್ಲಶಿಂಗ್ ಮೆಡೋದಲ್ಲಿ 33 ಮತಗಳು ಬೀಳುತ್ತಿರಲಿಲ್ಲ ಎಂದು ಅನೇಕರು ವಾದಿಸುತ್ತಾರೆ. ಕೊಲೆಗಳೇ ರಾಷ್ಟ್ರವನ್ನು ಕಟ್ಟಿದವು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕೂ ಐವತ್ತು ವರ್ಷ ಮೊದಲಿನಿಂದ ಊರು ಕಟ್ಟಿ, ಹೀಬ್ರೂ ಕಲಿತು, ಶಾಲೆ ಆಸ್ಪತ್ರೆಗಳನ್ನು ಎಬ್ಬಿಸಿದವರಿದ್ದರು. ಕೊಲೆಗಳು ಕಸಿದುಕೊಂಡದ್ದು ಆ ರಾಷ್ಟ್ರಕ್ಕೆ ಬರಬೇಕಿದ್ದ ಜನರನ್ನು, ವಿಲ್ಲಿ ಕೋನ್‌ರಂಥವರನ್ನು.

ಬೇರೆಬೇರೆ ಕಾಲದ ಸಂಗತಿಗಳನ್ನು ಒಂದೇ ದಿನಕ್ಕೆ ತಂದು ಜೋಡಿಸುವುದು ಯಹೂದಿಗಳಲ್ಲಿ ಬಹಳ ಹಳೆಯ ರೂಢಿ. ಆವ್ ಮಾಸದ ಒಂಬತ್ತನೆಯ ದಿನ ಅವರು ಉಪವಾಸವಿರುತ್ತಾರೆ. ಆ ದಿನ ಬಂದೆರಗಿದ ಐದು ಆಪತ್ತುಗಳನ್ನು, ಎರಡು ದೇವಾಲಯಗಳ ನಾಶವೂ ಸೇರಿ, ಮಿಶ್ನಾ ಗ್ರಂಥ ಪಟ್ಟಿ ಮಾಡಿದೆ. 1942ರ ಜುಲೈ 22ರಂದು ವಾರ್ಸಾದ ಯಹೂದಿಗಳನ್ನು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಲು ಶುರುಮಾಡಿದಾಗ ಅದು ಆ ಉಪವಾಸದ ಹಿಂದಿನ ದಿನವೆಂದು ಅಲ್ಲಿದ್ದವರಿಗೆ ಹೇಳಿಕೊಡಬೇಕಿರಲಿಲ್ಲ. ತಾರೀಖುಗಳು ಕೂಡುವುದರಲ್ಲಿ ದೇವರ ಸಂಕಲ್ಪ ನನಗೆ ಕಾಣುವುದಿಲ್ಲ. ವರ್ಷಕ್ಕೆ ಇರುವುದು 365 ದಿನ, ದುಃಖಗಳು ಅದಕ್ಕಿಂತ ಹೆಚ್ಚು. ಆದರೆ ಒಂದು ದಿನವನ್ನು ನಮ್ಮದೆಂದು ಎತ್ತಿಟ್ಟುಕೊಂಡ ಮೇಲೆ, ಆ ದಿನದ ಪುಟದಲ್ಲಿ ಬೇರೆಯವರು ಬರೆದದ್ದನ್ನೂ ಓದಬೇಕಾಗುತ್ತದೆ.

ನವೆಂಬರ್ 29ರ ಪುಟದಲ್ಲಿ ಬೇರೆಯವರು ಬರೆದದ್ದು ತಿಳಿದೇ ಬರೆದದ್ದು. 1977ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪ್ರತಿವರ್ಷದ ನವೆಂಬರ್ 29ನ್ನು ಪ್ಯಾಲೆಸ್ಟೀನಿಯರ ಜೊತೆ ನಿಲ್ಲುವ ಅಂತರರಾಷ್ಟ್ರೀಯ ದಿನವೆಂದು ಆಚರಿಸಲು ನಿರ್ಣಯಿಸಿತು. ಭಾರತದ ಪ್ರಧಾನಿಗಳೂ ಆ ದಿನಕ್ಕೆ ಸಂದೇಶ ಕಳಿಸುತ್ತ ಬಂದಿದ್ದಾರೆ. ವಿಶ್ವಸಂಸ್ಥೆಯ ಮೇಲೆ ಇಸ್ರೇಲಿಗರ ಪ್ರೀತಿ ಅಷ್ಟರಲ್ಲಾಗಲೇ ಮುರಿದಿತ್ತು. ಯಹೂದಿ ರಾಷ್ಟ್ರಕ್ಕಾಗಿ ನಡೆದ ಚಳವಳಿಯಾದ ಜಿಯೋನಿಸಂ ಕೂಡ ಜನಾಂಗದ್ವೇಷದ ಒಂದು ರೂಪ ಎಂಬ ನಿರ್ಣಯ 1975ರ ನವೆಂಬರ್ 10ರಂದು ಮಹಾಸಭೆಯಲ್ಲಿ ಅಂಗೀಕಾರವಾಯಿತು. ಭಾರತವೂ ಪರವಾಗಿ ಮತ ಹಾಕಿತ್ತು. 1938ರಲ್ಲಿ ಜರ್ಮನಿಯ ಸಿನಗಾಗ್‌ಗಳಿಗೆ ಬೆಂಕಿಯಿಟ್ಟದ್ದೂ ಇವೇ ದಿನಗಳಲ್ಲಿ ಎಂದು ಇಸ್ರೇಲಿನ ರಾಯಭಾರಿ ಹಾಯಿಮ್ ಹೆರ್ಜೋಗ್ ಸಭೆಗೆ ನೆನಪಿಸಿ, ನಿರ್ಣಯದ ಪ್ರತಿಯನ್ನು ಅಲ್ಲೇ ಹರಿದರು. ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರಲ್ಲಿ ಗೆದ್ದ ಊರೆಂದು ನಮಗೆ ಪರಿಚಿತವಾದ ಹೈಫಾದಲ್ಲಿ, 1947ರ ಕೃತಜ್ಞತೆಗೆ ವಿಶ್ವಸಂಸ್ಥೆಯ ಹೆಸರಿಟ್ಟಿದ್ದ ರಸ್ತೆಯೊಂದಿತ್ತು. ಆ ನಿರ್ಣಯದ ನಂತರ ಅದರ ಹೆಸರನ್ನು ಜಿಯೋನಿಸಂ ರಸ್ತೆ ಎಂದು ಬದಲಿಸಿದರು. 1991ರ ಡಿಸೆಂಬರ್‌ನಲ್ಲಿ ಮಹಾಸಭೆ ತನ್ನ ನಿರ್ಣಯವನ್ನು ರದ್ದು ಮಾಡಿದಾಗ ಭಾರತ ರದ್ದತಿಯ ಪರ ನಿಂತಿತು. ಮರುತಿಂಗಳೇ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ರಸ್ತೆಯ ಹೆಸರು ಹಿಂದಕ್ಕೆ ಬದಲಾಗಲಿಲ್ಲ.

2012ರಲ್ಲಿ ಪ್ಯಾಲೆಸ್ಟೀನಿಯರ ನಾಯಕ ಮಹಮೂದ್ ಅಬ್ಬಾಸ್ ತಮ್ಮ ಬೇಡಿಕೆಯನ್ನು ಮಹಾಸಭೆಯ ಮುಂದಿಡಲು ಆರಿಸಿದ್ದೂ ನವೆಂಬರ್ 29ನ್ನೇ. ಅರವತ್ತೈದು ವರ್ಷದ ಹಿಂದೆ ಇದೇ ದಿನ ಇದೇ ಸಂಸ್ಥೆ ಮಾಡಿದ ನಿರ್ಣಯದ ಉಳಿದರ್ಧ ಎಲ್ಲಿ ಎಂಬುದು ಅವರ ಭಾಷಣದ ತಿರುಳು. ಇಸ್ರೇಲಿನ ಪ್ರತಿನಿಧಿ ರಾನ್ ಪ್ರೊಸೋರ್ ಕೂಡ ಅದೇ 1947ಕ್ಕೆ ಹೋದರು, ಅಂದು ಎರಡು ರಾಷ್ಟ್ರಗಳನ್ನು ಬೇಡವೆಂದವರು ನೀವೇ ಎಂದು ನೆನಪಿಸಲು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಪ್ಯಾಲೆಸ್ಟೈನಿಗೆ ಸದಸ್ಯತ್ವವಿಲ್ಲದ ವೀಕ್ಷಕ ರಾಷ್ಟ್ರದ ಸ್ಥಾನ ಕೊಡುವ ನಿರ್ಣಯಕ್ಕೆ ಪರ 138, ವಿರುದ್ಧ 9, ತಟಸ್ಥ 41. ಭಾರತ ಪರವಾಗಿ ಮತ ಹಾಕಿತು. ವಿರುದ್ಧ ನಿಂತ ಒಂಬತ್ತರಲ್ಲಿ ಅಮೆರಿಕ, ಕೆನಡಾ, ಪನಾಮಾ 1947ರಲ್ಲಿ ಎರಡು ರಾಷ್ಟ್ರಗಳಿಗೆ ಕೈ ಎತ್ತಿದ್ದ ದೇಶಗಳೇ. ತಟಸ್ಥರ ಸಾಲಿನಲ್ಲಿ ಬ್ರಿಟನ್ ಮತ್ತೆ ಕೂತಿತ್ತು. ಆ ಸ್ಥಾನದ ಬಲದಿಂದಲೇ ಪ್ಯಾಲೆಸ್ಟೈನ್ 2015ರ ಏಪ್ರಿಲ್ 1ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ರಾಷ್ಟ್ರವಾಯಿತು.